ಇನ್ನೊಂದು ಪದ

ಬ್ರಷ್ಷಿಗೆ ಪೇಸ್ಟು ಹಾಕಿಕೊಂಡು ಬಾಯಿಗಿಡುವ ಮುಂಚೆ ಮೇಷ್ಟ್ರು ಕನ್ನಡಿಯೊಳಗಿನ ಮುಖವನ್ನು ಇವತ್ತು ಯಾವ ವಾರ ಎಂದು ಕೇಳಿದರು. ಗುರುವಾರ, ಅಂದಿತು ಮುಖ. ತಾರೀಖು ಕೇಳಿದರು, ಅದೂ ಬಂತು. ತಿಂಗಳು, ಇಸವಿ, ಮನೆಯ ಬೀದಿ, ಮಗಳ ಮೊಬೈಲ್ ನಂಬರಿನ ಕೊನೆಯ ಅಂಕಿಗಳು, ಎಲ್ಲವೂ ಕರೆದ ಕೂಡಲೇ ಹಾಜರಾದವು. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹಳೇ ಚಟ ಬಿಡಬೇಕಲ್ಲ, ಗೆಟ್ ಅಂದುಕೊಂಡರು. ಗೆಟ್ ಎಂದರೆ ಪಡೆ, ಅಬ್ಟೇನ್. ಗೆಟ್ ಎಂದರೆ ಆಗು, ಬಿಕಮ್. ಗೆಟ್ ಎಂದರೆ... ಬ್ರಷ್ಷಿನ ಮೇಲಿನ ಪೇಸ್ಟು ಜಾರಿ ಬೇಸಿನ್ನಿಗೆ ಬಿತ್ತು. ಇನ್ನೊಂದು ಪದ ಬರಲಿಲ್ಲ. ಮೇಷ್ಟ್ರು ಕಾದರು. ನಾಲಿಗೆಯ ತುದಿಯಲ್ಲಿದೆ ಅಂತ ಜನ ಹೇಳುತ್ತಾರಲ್ಲ, ಹಾಗೆ ತುದಿಯಲ್ಲಾದರೂ ಇದ್ದಿದ್ದರೆ ಅವರಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ತುದಿಯಲ್ಲೂ ಇರಲಿಲ್ಲ, ಬುಡದಲ್ಲೂ ಇರಲಿಲ್ಲ. ಅದು ಇದ್ದ ಜಾಗವೇ ಇದ್ದಂತಿರಲಿಲ್ಲ. ನಿನ್ನೆ ಇದೇ ಹೊತ್ತಿನಲ್ಲಿ ಇನ್ನೂ ಒಂದೆರಡು ಹೆಚ್ಚಿಗೆ ಬಂದಿದ್ದವು ಅನ್ನುವುದು ಮಾತ್ರ ಸ್ಪಷ್ಟವಾಗಿ ನೆನಪಿತ್ತು, ಯಾವುವು ಎನ್ನುವುದು ನೆನಪಿರಲಿಲ್ಲ. 'ಅಪ್ಪಾ, ನೀರು ಸುಮ್ನೆ ಹರೀತಾ ಇದೆ' ಎಂದು ಹೊರಗಿನಿಂದ ಮಗಳು ಕೂಗಿದಳು. ಹೌದಲ್ಲ, ನಲ್ಲಿ ಪೂರ್ತಿ ತಿರುಗಿಸಿಬಿಟ್ಟಿದ್ದರು. ನಿಲ್ಲಿಸಿ, 'ಹರೀಲಿ ಅಂತಲೇ ಬಿಟ್ಟಿದ್ದೆ ಕಣಮ್ಮ, ಪೈಪಿನಲ್ಲಿ ತುಕ್ಕು ಬರ್ತಿತ್ತು' ಅಂದರು. ಈಚೆಗೆ ಸುಳ್ಳುಗಳು ಮಾತ್ರ ತಡವರಿಸದೆ ಬಾಯಿಗೆ ಬರುತ್ತಿದ್ದವು.

ಇಂಗ್ಲಿಷ್ ಪಾಠ ಮಾಡುತ್ತಿದ್ದ ಕಾಲದಲ್ಲಿ ಶಾಲೆಯಲ್ಲಿ ಅವರಿಗೆ ಗೆಟ್ ಮೇಷ್ಟ್ರು ಎಂದು ಹೆಸರು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಬೆನ್ನ ಹಿಂದೆ ಎಲ್ಲರೂ ಅನ್ನುತ್ತಿದ್ದರು, ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಪ್ರತಿ ವರ್ಷ ಮೊದಲ ದಿನ ಕರಿಹಲಗೆಯ ನಡುವೆ ಆ ಒಂದು ಪುಟ್ಟ ಪದ ಬರೆದು ಅದರ ಸುತ್ತ ಗೆರೆ ಎಳೆದು, 'ಇದು ಸೋಮಾರಿಗಳ ಪದ, ಈ ಕೋಣೆಯೊಳಗೆ ಇದಕ್ಕೆ ಪ್ರವೇಶ ಇಲ್ಲ' ಎನ್ನುತ್ತಿದ್ದರು. ಕಾಗದ ಬಂದರೂ ಗೆಟ್, ಮಳೆಯಲ್ಲಿ ನೆನೆದರೂ ಗೆಟ್, ಮನೆ ತಲುಪಿದರೂ ಗೆಟ್, ಜ್ವರ ತಗುಲಿದರೂ ಗೆಟ್, ಪಾಠ ಅರ್ಥವಾದರೂ ಗೆಟ್; ಪಾಪ, ಒಬ್ಬನೇ ಆಳು ಮನೆಮಂದಿಯ ಕೆಲಸವನ್ನೆಲ್ಲ ಎಷ್ಟಂತ ಮಾಡಬೇಕು? ಮಕ್ಕಳು ನಗುತ್ತಿದ್ದರು. ಆಮೇಲೆ ನಗು ನಿಲ್ಲುತ್ತಿತ್ತು, ಯಾಕೆಂದರೆ ಯಾರ ಬಾಯಿಂದಾದರೂ ಆ ಪದ ಬಿತ್ತೋ, ಅವರು ಎದ್ದು ನಿಂತು ಅದರ ಬದಲಿಗೆ ಸರಿಯಾಗಿ ಕೂರುವ ಇನ್ನೊಂದು ಪದ ಹೇಳುವ ತನಕ ಕೂರುವ ಹಾಗಿರಲಿಲ್ಲ. ನಮ್ಮ ಭಾಷೆ ನೋಡಿ, ಎನ್ನುತ್ತಿದ್ದರು ಮೇಷ್ಟ್ರು ಕೈಯ ಸೀಮೆಸುಣ್ಣ ಕೊಡವುತ್ತ, ಸಿಗುವುದಕ್ಕೊಂದು, ಸೇರುವುದಕ್ಕೊಂದು, ತಗುಲುವುದಕ್ಕೊಂದು, ತಿಳಿಯುವುದಕ್ಕೊಂದು, ಒಂದರ ಕೆಲಸಕ್ಕೆ ಇನ್ನೊಂದು ಕೈ ಹಾಕುವುದಿಲ್ಲ. ಈಗ ಆ ಭಾಷೆಯೂ ಅವರ ಬಾಯಲ್ಲಿ ಸೋಮಾರಿಯಾಗುತ್ತಿತ್ತು. ಮೊದಲು ಇಂಗ್ಲಿಷು ಹೋಗತೊಡಗಿತು, ಕೊನೆಗೆ ಬಂದ ನೆಂಟರು ಮೊದಲು ಹೊರಟರು ಎಂದುಕೊಂಡು ಸುಮ್ಮನಾದರು. ಆಮೇಲೆ ಒಂದು ದಿನ ಇಕ್ಕಳ ಎನ್ನಲಾಗದೆ 'ಅದು ಕೊಡಮ್ಮ, ಹಿಡಿಯೋದು' ಅಂದರು. ಇನ್ನೊಂದು ದಿನ ಜರಡಿ ಹೋಯಿತು, ದಿಂಬಿನ ಗವಸು ಹೋಯಿತು. ಅದು, ಇದು, ಅದನ್ನ ಅಲ್ಲಿ ಇಡು, ಅದು ಮಾಡಿದೆಯಾ. ಬೇರೆಯವರಾಗಿದ್ದರೆ ವಯಸ್ಸಾಯಿತು ಅಂದುಕೊಂಡು ಕಣ್ತುಂಬ ನಿದ್ದೆ ಮಾಡುತ್ತಿದ್ದರು. ಮೇಷ್ಟ್ರಿಗೆ ಆ ಭಾಗ್ಯವಿರಲಿಲ್ಲ. ಜೀವಮಾನವಿಡೀ ಒಂದು ಪದದ ಸುತ್ತ ಹತ್ತು ಪದ ನಿಲ್ಲಿಸಿದ ಮನುಷ್ಯನಿಗೆ ಆ ಹತ್ತೂ ಒಂದೊಂದಾಗಿ ಎದ್ದು ಹೋಗಿ ಕೊನೆಗೆ ನಡುವಿನ ಸೋಮಾರಿಯೊಂದೇ ಉಳಿಯುವುದು ಹೇಗೆ ಕಾಣುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಅವರು ಅದನ್ನು ದಿನಾ ನೋಡುತ್ತಿದ್ದರು ಮತ್ತು ಯಾರಿಗೂ ಹೇಳುತ್ತಿರಲಿಲ್ಲ.

ಯಾರಿಗೂ ಎಂದರೆ ಪೂರ್ತಿ ನಿಜವಲ್ಲ. ಮೊಮ್ಮಗಳಿಗೆ ಗೊತ್ತಿತ್ತು. ಮೇಜಿನ ಕೆಳಗೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ ಆ ಚೋಟುದ್ದದ ಹುಡುಗಿಗೆ, ಎಲ್ಲರೂ ಚೋಟು ಎಂದೇ ಕರೆಯುವವಳಿಗೆ, ಅವರ ಇಡೀ ಮಾನ ಗೊತ್ತಿತ್ತು. ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ, ಸಂಜೆಯವರೆಗೂ ತಲೆ ಎತ್ತುವ ಹಾಗಿಲ್ಲ. ಅಳಿಯ ಲಾರಿಯ ಮೇಲಿರುವವನು, ಮನೆಗೆ ಬಂದಾಗ ಬಂದ. ಹಾಗಾಗಿ ಶಾಲೆಯಿಂದ ಚೋಟುವನ್ನು ಕರೆತರುವುದು ತಾತನ ಪಾಲಿಗೆ. ಒಂದು ದಿನ ಕರೆತರುವಾಗ ಮೇಷ್ಟ್ರು ಅವಳನ್ನು ಬಸ್ಸು ಹತ್ತಿಸಿ ಸೀದಾ ತಾವು ಮದುವೆಯಾದ ಹೊಸದರಲ್ಲಿ ಬಾಡಿಗೆಗಿದ್ದ ಮನೆಗೆ ಕರೆದುಕೊಂಡು ಹೋಗಿ, ಯಾರದೋ ಬಾಗಿಲು ಬಡಿದು, ಬಾಗಿಲು ತೆಗೆದ ಹೆಂಗಸಿನ ಮುಖ ನೋಡಿ, ಎಷ್ಟೋ ವರ್ಷದ ಹಿಂದೆ ತೀರಿಕೊಂಡ ಹೆಂಡತಿ ಯಾಕೆ ಬಾಗಿಲು ತೆಗೆಯಲಿಲ್ಲ ಎಂದು ಸಿಟ್ಟಾಗಿದ್ದರು. ಆ ಹೆಂಗಸು ಒಳ್ಳೆಯವಳು, ಕುಡಿಯಲು ನೀರು ಕೊಟ್ಟಳು. ಚೋಟು ಅವರ ಬೆರಳು ಹಿಡಿದು, ಬಸ್ಸು ಹತ್ತಿದ ಕಡೆಗೇ ವಾಪಸು ಕರೆತಂದು, ಶಾಲೆಯ ಗೇಟಿನಿಂದ ಮತ್ತೆ ಶುರುಮಾಡಿ ಮನೆ ಸೇರಿಸಿದಳು. 'ಅಮ್ಮನಿಗೆ ಹೇಳಬೇಡ' ಅಂದಿದ್ದರು ಮೇಷ್ಟ್ರು. 'ಪ್ರಾಮಿಸ್' ಅಂದಿದ್ದಳು ಚೋಟು, ಗುಟ್ಟು ಸಿಕ್ಕಿದ ಸಂಭ್ರಮಕ್ಕೆ ಕಣ್ಣರಳಿಸಿ. ಅವತ್ತಿನಿಂದ ದಿನಾ ಇಬ್ಬರೂ ಬೀದಿಯಲ್ಲಿ ಕೈ ಬೀಸಿಕೊಂಡು ನಡೆಯುವುದು ನೋಡಿದವರಿಗೆ, ಆಹಾ, ತಾತ ಮೊಮ್ಮಗಳು ಅಂದರೆ ಹೀಗಿರಬೇಕು ಎನ್ನಿಸಬಹುದು. ತಿರುವು ಬಂದಾಗ ಅವಳು ಬೆರಳನ್ನು ಎಡಕ್ಕೋ ಬಲಕ್ಕೋ ಸಣ್ಣಗೆ ಜಗ್ಗುತ್ತಿದ್ದಳು. ಮೇಷ್ಟ್ರು ತಮಗೇ ದಾರಿ ಗೊತ್ತಿರುವವರ ಹಾಗೆ ಗಂಭೀರವಾಗಿ ತಿರುಗುತ್ತಿದ್ದರು. ಆ ಮಗುವಿಗೆ ಸುಳ್ಳು ಕಲಿಸಿದವನು ನಾನು ಎಂದು ದಿನಕ್ಕೊಂದು ಸಲವಾದರೂ ಅನ್ನಿಸಿ ಮೈ ಮುದುಡಿಕೊಳ್ಳುತ್ತಿತ್ತು.

ಗುಟ್ಟು ಹೊರಬೀಳಲಿಲ್ಲ, ಆದರೆ ಮಗಳೇನು ದಡ್ಡಿಯಲ್ಲ. ಕೇಳಿದ್ದನ್ನೇ ಕೇಳುವುದು, ಅದು ಇದು ಎನ್ನುವುದು, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಯಾಕೆ ನಿಂತೆ ಎಂದು ಗೊತ್ತಾಗದೆ ನಿಲ್ಲುವುದು, ಎಲ್ಲ ಕಂಡಿದ್ದಳು. ಹೋದ ವಾರ ಬಟ್ಟೆ ಮಡಿಸುತ್ತ, ಮುಖ ನೋಡದೆ ಮಾತು ತೆಗೆದಿದ್ದಳು. 'ನೆನಪಿನ ಡಾಕ್ಟರು ಅಂತ ಇದ್ದಾರಂತಪ್ಪ. ಏನೋ ಪ್ರಶ್ನೆ ಕೇಳ್ತಾರೆ ಅಷ್ಟೆ. ಒಂದ್ಸಲ ತೋರಿಸಿಬಿಡೋಣ, ನನ್ನ ಸಮಾಧಾನಕ್ಕೆ.' 'ಸರಿ ಇಲ್ಲ ಅಂದ್ರೆ?' ಎಂದು ಮೇಷ್ಟ್ರು ನಗುತ್ತಲೇ ಕೇಳಿದ್ದರು. ಅವಳು ಮಡಿಸಿದ ಲಂಗವನ್ನು ಬಿಚ್ಚಿ ಮತ್ತೆ ಮಡಿಸಿದಳು. 'ಚೋಟೂನ ನಮ್ಮತ್ತೆ ಹತ್ರ, ಅವಳ ಅಜ್ಜಿ ಮನೆಗೆ ಕಳಿಸಬೇಕಾಗತ್ತೆ. ಅವರೇನೋ ಕಳಿಸು ಕಳಿಸು ಅಂತಲೇ ಇದ್ದಾರೆ. ಅಲ್ಲೇ ಶಾಲೆಗೆ ಹಾಕಿದ್ರಾಯ್ತು. ಇಬ್ಬರನ್ನೂ ನೋಡ್ಕೊಳ್ಳೋಕೆ ನನ್ನ ಕೈಲಾಗಲ್ಲಪ್ಪ.' ಇಬ್ಬರನ್ನೂ ಎಂದಳು. ಆ ಮಾತಿನಲ್ಲಿ ಮೇಷ್ಟ್ರು ಒಮ್ಮೆಗೇ ಮೊಮ್ಮಗಳ ಓರಗೆಯವರಾಗಿಬಿಟ್ಟಿದ್ದರು. ಅತ್ತೆಯ ಊರು ರಾತ್ರಿ ಹೊರಟರೆ ಬೆಳಗ್ಗೆ ಸೇರುವಷ್ಟು ದೂರ. ಅವತ್ತಿನಿಂದ ಅವರು ಓದಲು ಕೂತರು. ಸಂಜೆ ವಾಕಿಂಗಿಗೆ ಜೊತೆಯಾಗುವ ರಿಟೈರಾದ ಸ್ಟೇಷನ್ ಮಾಸ್ಟರು ಇದೇ ಪರೀಕ್ಷೆಗೆ ಹೋಗಿ ಬಂದವರು. ವಾರ ತಾರೀಖು ಕೇಳ್ತಾರೆ, ಗಡಿಯಾರ ಬರೆಸ್ತಾರೆ, ನೂರರಿಂದ ಕಳೀತಾ ಹೋಗು ಅಂತಾರೆ, ಒಂದಷ್ಟು ಪದ ಕೊಟ್ಟು ಆಮೇಲೆ ತಿರುಗಿ ಕೇಳ್ತಾರೆ, ಮಕ್ಕಳಾಟ ಕಣ್ರೀ ಎಂದು ನಕ್ಕು ಪ್ರಶ್ನೆಪತ್ರಿಕೆಯನ್ನೆಲ್ಲ ಬಿಟ್ಟುಕೊಟ್ಟಿದ್ದರು. ಚೋಟು ಟೀಚರ್ ಆದಳು. ಮಂಚದ ಮೇಲೆ ನಿಂತು ಸ್ಕೇಲು ತಟ್ಟುತ್ತ ಕಳೆಯುವ ಲೆಕ್ಕ ಒಪ್ಪಿಸಿಕೊಂಡಳು, ಗಡಿಯಾರದ ಮುಳ್ಳು ಸೊಟ್ಟಗಾದರೆ ಬೈದಳು. 'ತಾತ, ಪಾಸಾದ್ರೆ ನಿನಗೆ ಎಲ್ಲಾ ಸರಿಹೋಗತ್ತಾ?' ಎಂದು ಕೇಳಿದಳು ಒಮ್ಮೆ. ಹೂಂ ಅಂದರು ಮೇಷ್ಟ್ರು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಗೋಡೆಗೆ ತಿಳಿ ಹಸಿರು ಬಣ್ಣ ಬಳಿದಿದ್ದರು. ಎದುರು ಸಾಲಿನಲ್ಲಿ ಒಬ್ಬ ದಪ್ಪ ಮನುಷ್ಯ ತನ್ನ ಅಂಗಿಯ ಗುಂಡಿಯನ್ನು ಬಿಚ್ಚುತ್ತ ಹಾಕುತ್ತ ಬಿಚ್ಚುತ್ತ ಇದ್ದ. ಪಕ್ಕದಲ್ಲಿದ್ದ ಹೆಂಡತಿ ಪ್ರತಿ ಸಲವೂ ಅವನ ಕೈಯನ್ನು ತೆಗೆದು ತೊಡೆಯ ಮೇಲಿಡುತ್ತಿದ್ದಳು, ಬೇಸರವಿಲ್ಲದೆ, ನೋಡದೆಯೇ. ಮೇಷ್ಟ್ರು ಮುಖ ತಿರುಗಿಸಿದರು. ತಿರುಗಿಸಿದ ಕಡೆ ಕಿಟಕಿ ಇತ್ತು, ಕಿಟಕಿಯಾಚೆ ಒಬ್ಬಳು ನರ್ಸು ಬಿಸಿಲಲ್ಲಿ ನಿಂತು ಫೋನಿನಲ್ಲಿ ನಗುತ್ತಿದ್ದಳು. ಕಿಟಕಿಗೆ ಅಡ್ಡ ಹಾಕಿದ್ದಾರಲ್ಲ, ಬಟ್ಟೆಯಲ್ಲ, ಪಟ್ಟಿ ಪಟ್ಟಿಯಾಗಿ, ಎಳೆದರೆ ಮೇಲೆ ಹೋಗುವಂಥದ್ದು, ಅದಕ್ಕೆ ಏನೆನ್ನುತ್ತಾರೆ? ಈಗಲೇ ಇದನ್ನು ಯೋಚಿಸಬಾರದು. ಸಿಲಬಸ್ಸಿನ ಹೊರಗಿನದನ್ನು ಯೋಚಿಸಿ ಪರೀಕ್ಷೆಯ ಬಾಗಿಲಲ್ಲಿ ಎದೆಗೆಡುವ ಹುಡುಗರನ್ನು ಅವರೆಷ್ಟು ನೋಡಿಲ್ಲ. ಗುರುವಾರ, ಅಂದುಕೊಂಡರು. ಗುರುವಾರ, ಗುರುವಾರ. ಅಂಗೈ ಬೆವೆತು ಪ್ಯಾಂಟಿನ ಮಂಡಿಯ ಮೇಲೆ ಒದ್ದೆ ಗುರುತು ಮೂಡಿತ್ತು. ಮಗಳು ಅದನ್ನು ನೋಡಿ, ನೋಡದವಳಂತೆ ತನ್ನ ಚೀಲವನ್ನು ಅವರ ತೊಡೆಯ ಮೇಲಿಟ್ಟಳು.

ಒಳಗೆ ಹೋದರೆ ಡಾಕ್ಟರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ನಲವತ್ತು ದಾಟಿದ, ಮುಂದಲೆ ಬೋಳಾದ ಮನುಷ್ಯ, ಹುಡುಗನ ಹಾಗೆ ಎರಡೂ ಕೈ ಮುಗಿದು, 'ಸಾರ್! ಮೇಷ್ಟ್ರೇ! ನಾನು ಯಾರು ಗೊತ್ತಾಯ್ತಾ?' ಅಂದರು. ಪರೀಕ್ಷೆ ಇಷ್ಟು ಬೇಗ, ಇಷ್ಟು ಕಷ್ಟದ ಪ್ರಶ್ನೆಯಿಂದ ಶುರುವಾಗುತ್ತದೆಂದು ಸ್ಟೇಷನ್ ಮಾಸ್ಟರು ಹೇಳಿರಲಿಲ್ಲ. ಆದರೆ ಯಾವ ಮೇಷ್ಟ್ರಿಗೂ ಎಲ್ಲ ಹುಡುಗರ ನೆನಪಿರುವುದಿಲ್ಲ, ಬುದ್ಧಿ ನೆಟ್ಟಗಿದ್ದ ಕಾಲದಲ್ಲೂ ಬಸ್ಸಿನಲ್ಲಿ ಬ್ಯಾಂಕಿನಲ್ಲಿ ಹೀಗೆ ಕೈ ಮುಗಿದವರಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು, ಅದು ತಾನಾಗಿ ಹೊರಬಂತು. 'ಅಯ್ಯೋ, ನಿನ್ನ ಮರೆಯೋಕಾಗತ್ತೇನಯ್ಯ?' ಡಾಕ್ಟರ ಮುಖ ಅರಳಿತು. ಮಗಳ ಕಡೆ ತಿರುಗಿ, 'ನೋಡಿ, ಮೂವತ್ತು ವರ್ಷ ಆಗಿರಬೇಕು. ಗುರುತು ಹಿಡಿದ್ರು!' ಎಂದರು. ಮಗಳ ಬಿಗಿದ ಭುಜಗಳು ಅಲ್ಲೇ ಅರ್ಧ ಇಳಿದವು. 'ಒಂದ್ಸಲ ಗೆಟ್ ಅಂದಿದ್ದಕ್ಕೆ ನನ್ನ ಇಡೀ ಪೀರಿಯಡ್ಡು ನಿಲ್ಲಿಸಿದ್ರಿ ಸಾರ್. ಮಾರನೇ ದಿನಾನೂ ನಿಂತಿದ್ದೆ. ಹುಡುಗರೆಲ್ಲ ತಿಂಗಳುಗಟ್ಟಲೆ ಆಡಿಕೊಂಡ್ರು.' ಹಾಗಾದರೆ ಇವನು ನಿಂತವನು. ಈಗ ಕುರ್ಚಿ ಇವನದು, ನಿಲ್ಲುವ ಸರದಿ ನನ್ನದು. ಮುಯ್ಯಿ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಕೋಣೆ ಇವನಿಗೆ ಸಿಗಲಾರದು. ಡಾಕ್ಟರು ಮೇಜು ಸುತ್ತಿ ಬಂದು ತಾವೇ ಕುರ್ಚಿ ಎಳೆದು ಕೊಟ್ಟರು. 'ಕೂತ್ಕೊಳ್ಳಿ ಸಾರ್. ಅವತ್ತು ನಿಲ್ಲಿಸಿದ್ದಕ್ಕೇ ನಾನು ಇವತ್ತು ಇಲ್ಲಿ ಕೂತಿರೋದು. ನಿಮಗೆ ಪರೀಕ್ಷೆ ಕೊಡೋಕೆ ನಾನು ಯಾರು? ಏನೋ ಕಾಗದಕ್ಕೆ ಬೇಕಲ್ಲ ಅಂತ ನಾಲ್ಕು ಪ್ರಶ್ನೆ ಕೇಳ್ತೀನಿ, ತಪ್ಪು ತಿಳೀಬಾರದು.'

ವಾರ, ತಾರೀಖು, ತಿಂಗಳು ಒಪ್ಪಿಸಿದ್ದಾಯಿತು. ಗಡಿಯಾರ ದುಂಡಗೆ ಬಂತು, ಮುಳ್ಳುಗಳು ಚೋಟು ಹೇಳಿಕೊಟ್ಟ ಜಾಗದಲ್ಲೇ ನಿಂತವು. ಕಳೆಯುವ ಲೆಕ್ಕವನ್ನು ಮಗ್ಗಿಯಂತೆ ಹೇಳಿದರು. ನಡುವೆ ಡಾಕ್ಟರು ಐದು ಪದ ಕೊಟ್ಟಿದ್ದರು, ನೆನಪಿಡಿ ಸಾರ್ ಎಂದು. ಕೊಡೆ, ನಿಂಬೆಹಣ್ಣು, ಬೀಗ, ಮೋಡ, ಬಾತುಕೋಳಿ. ತಿರುಗಿ ಕೇಳುವ ಹೊತ್ತಿಗೆ ಕೊಡೆಯೊಂದು ಮಾತ್ರ ಉಳಿದಿತ್ತು. 'ಕೊಡೆ' ಎಂದು ನಿಲ್ಲಿಸಿದರು ಮೇಷ್ಟ್ರು. ಗೋಡೆಯ ಮೇಲೆ ಮಿದುಳಿನ ಚಿತ್ರವೊಂದು ತೂಗುತ್ತಿತ್ತು, ಬೇರೆ ಬೇರೆ ಬಣ್ಣದ ಓಣಿಗಳು. ಉಳಿದ ನಾಲ್ಕು ಪದ ಅದರಲ್ಲಿ ಯಾವ ಓಣಿಗೆ ಹೊಕ್ಕವೋ. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ತೆಗೆದು, ಮೇಜಿನ ಮೇಲೆ ಬಾಗಿ, ಮೆತ್ತಗೆ, 'ಹುಳಿ ಇರತ್ತಲ್ಲ ಸಾರ್, ಹಳದಿ...' ಅಂದರು. 'ನಿಂಬೆಹಣ್ಣು' ಅಂದರು ಮೇಷ್ಟ್ರು. 'ಬಾಗಿಲಿಗೆ ಹಾಕ್ತೀವಲ್ಲ...' 'ಬೀಗ.' 'ತಲೆ ಮೇಲೆ, ಮಳೆಗೆ ಮುಂಚೆ...' ಕೊನೆಯದಕ್ಕೆ ಡಾಕ್ಟರು ಮಾತೇ ಆಡಲಿಲ್ಲ, ಎರಡು ಅಂಗೈ ಜೋಡಿಸಿ ನೀರಿನಲ್ಲಿ ತೇಲುವಂತೆ ಮುಂದಕ್ಕೆ ತಳ್ಳಿ ತೋರಿಸಿದರು. ಪರೀಕ್ಷೆಯ ಕೋಣೆಯಲ್ಲಿ ಹುಡುಗರ ನಡುವೆ ಓಡಾಡುವಾಗ ಮೇಷ್ಟ್ರು ಒಂದು ಅಕ್ಷರದ ಸುಳಿವು ಕೊಟ್ಟವರಲ್ಲ. ಇದೇ ಮಗಳು, ತಮ್ಮದೇ ತರಗತಿಯಲ್ಲಿ, ಪರೀಕ್ಷೆಯ ಹೊತ್ತಿನಲ್ಲಿ ಕಣ್ಣು ತುಂಬಿಕೊಂಡು ಅವರನ್ನೇ ನೋಡಿದಾಗ ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ಹೋಗಿ ನಿಂತಿದ್ದರು. ಆ ವರ್ಷ ಅವಳು ಫೇಲಾಗಿದ್ದಳು. ಮನೆಯಲ್ಲಿ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳು. ಈಗ ಮಗಳು ಪಕ್ಕದಲ್ಲೇ ಇದ್ದಳು. ನೋಡಿದಳೋ ಇಲ್ಲವೋ. ತಲೆ ತಗ್ಗಿಸಿ ಬೆರಳಿನ ಉಗುರಿಗೆ ಅಂಟಿದ ಗಾಜಿನ ಪುಡಿಯನ್ನು ಕೆರೆಯುತ್ತಿದ್ದಳು. ಪಾಸಾಗುವುದು ತನಗೆ ಎಷ್ಟು ಬೇಕಿತ್ತೋ ಅವಳಿಗೂ ಅಷ್ಟೇ ಬೇಕಾಗಿತ್ತು ಎನ್ನುವುದು ಆಗ ಮೇಷ್ಟ್ರಿಗೆ ಹೊಳೆಯಿತು. 'ಬಾತುಕೋಳಿ' ಅಂದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

'ಮುಗೀತು ಸಾರ್' ಎಂದು ಡಾಕ್ಟರು ಹಿಂದಕ್ಕೆ ಒರಗಿದರು. ಆಮೇಲೆ ಹಳೆಯ ತುಂಟತನವೊಂದು ಮುಖಕ್ಕೆ ಬಂತು. 'ಇದು ಪರೀಕ್ಷೇದಲ್ಲ, ನನ್ನ ಆಸೆಗೆ. ಗೆಟ್‌ಗೆ ಇನ್ನೊಂದು ಪದ ಹೇಳಿ ಸಾರ್. ನಿಮ್ಮ ಬಾಯಿಂದ ಒಂದ್ಸಲ ಕೇಳಬೇಕು.' ಮೇಷ್ಟ್ರು ಬಾಯಿ ತೆರೆದರು. ಬೆಳಗ್ಗೆ ಎರಡು ಇದ್ದವು. ಪಡೆ ಇತ್ತು, ಅದರ ಜೊತೆಯವನೊಬ್ಬನಿದ್ದ. ಈಗ ಅವೂ ಇರಲಿಲ್ಲ, ಗೆಟ್ ಎನ್ನುವ ಸದ್ದು ಮಾತ್ರ ಖಾಲಿ ಕೋಣೆಯಲ್ಲಿ ಯಾರೋ ಬೆಂಚು ಎಳೆದಂತೆ ಕೇಳುತ್ತಿತ್ತು, ಅರ್ಥವೇ ಇಲ್ಲದೆ, ಗೆಟ್, ಗೆಟ್, ಇದು ಯಾವ ಭಾಷೆಯದು ಎನ್ನುವುದೂ ಒಂದು ಕ್ಷಣ ತಪ್ಪಿತು. ಅಂಥ ಭಯ ಅವರಿಗೆ ಹಿಂದೆಂದೂ ಆಗಿರಲಿಲ್ಲ. ಹೆಂಡತಿಯ ಉಸಿರು ನಿಂತ ದಿನವೂ ಆಗಿರಲಿಲ್ಲ. ಕಾಲ ಕೆಳಗಿನ ನೆಲ ಇದೆಯೇ ಎಂದು ಪಾದ ಒತ್ತಿ ನೋಡಿದರು. ಮಗಳು ತಲೆ ಎತ್ತಿದಳು. ಆಗ ಅವರ ಬಲಗೈ ತನ್ನಷ್ಟಕ್ಕೆ ಮೇಲೆದ್ದು, ತೋರುಬೆರಳು ಡಾಕ್ಟರ ಕಡೆ ನೆಟ್ಟು, ಗಂಟಲಿನಿಂದ ಎಷ್ಟೋ ವರ್ಷದ ಹಿಂದಿನ ದನಿ ಗದರಿತು: 'ನನ್ನ ಕೇಳ್ತೀಯಾ? ಎದ್ದು ನಿಂತ್ಕೊ. ನೀನು ಹೇಳು ನೋಡೋಣ!' ಡಾಕ್ಟರು ಘೊಳ್ಳನೆ ನಕ್ಕು ನಿಜವಾಗಿಯೂ ಎದ್ದು ನಿಂತರು. ಕೈ ಕಟ್ಟಿಕೊಂಡು, ಕಣ್ಣು ಅರ್ಧ ಮುಚ್ಚಿ, ರಾಗವಾಗಿ ಹೇಳುತ್ತ ಹೋದರು. ರಿಸೀವ್, ಅಬ್ಟೇನ್, ಅಕ್ವೈರ್, ಅರ್ನ್, ಫೆಚ್, ಕ್ಯಾಚ್, ರೀಚ್, ಬಿಕಮ್, ಗ್ರಾಸ್ಪ್, ಅಂಡರ್‌ಸ್ಟ್ಯಾಂಡ್. ಒಂದೊಂದೂ ಮೇಷ್ಟ್ರ ಮುಂದೆ ಹಾದು ಹೋಯಿತು. ಯಾರದೋ ಮನೆಯ ಮದುವೆಗೆ ಬಂದವರಂತೆ ಅವೆಲ್ಲ ಪರಿಚಯದವೇ, ಯಾವುದರ ಜೊತೆಗೂ ಮಾತಾಡುವಷ್ಟು ಸಲಿಗೆ ಉಳಿದಿರಲಿಲ್ಲ. 'ಹ್ಞಾಂ, ಕೂತ್ಕೊ' ಅಂದರು. 'ಇವರಿಗೆ ಏನಾಗಿದೆ ಅಂತ ಕರ್ಕೊಂಡು ಬಂದ್ರಮ್ಮ?' ಎಂದು ಡಾಕ್ಟರು ಕಣ್ಣೊರೆಸಿಕೊಂಡು ಮಗಳನ್ನು ಕೇಳಿದರು. 'ವಯಸ್ಸಿನ ಮರೆವು, ಅಷ್ಟೆ. ನಮಗಿಂತ ಗಟ್ಟಿ ಇದ್ದಾರೆ. ನನ್ನ ಲೆಕ್ಕದಲ್ಲಿ ನೂರಕ್ಕೆ ನೂರು.'

ಹೊರಗೆ ಬಂದ ಮೇಲೆ ಮಗಳು ಆಸ್ಪತ್ರೆಯ ಕಾಂಪೌಂಡಿನಲ್ಲಿ ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ನಕ್ಕಳು. ಎಷ್ಟೋ ತಿಂಗಳಿಂದ ಮೇಷ್ಟ್ರು ಕಾಣದ ನಗು ಅದು, ಅವಳಮ್ಮನ ನಗು. 'ನಾನು ಸುಮ್ನೆ ಏನೇನೋ ಅಂದುಕೊಂಡುಬಿಟ್ಟಿದ್ದೆಪ್ಪ. ಬೇಜಾರು ಮಾಡ್ಕೋಬೇಡಿ.' ಅತ್ತೆಗೆ ಅಲ್ಲಿಂದಲೇ ಫೋನು ಮಾಡಿ, ಇಲ್ಲ, ಕಳಿಸಲ್ಲ, ಅಪ್ಪ ಚೆನ್ನಾಗಿದ್ದಾರೆ ಎಂದಳು. ಅರ್ಧ ದಿನದ ರಜೆ ಮುಗಿಯುತ್ತಿತ್ತು. ಅವರನ್ನು ಶಾಲೆಯ ಗೇಟಿನ ತನಕ ಬಿಟ್ಟು, ಬೆಲ್ಲು ಹೊಡೆಯುವವರೆಗೆ ಇಲ್ಲೇ ಬೆಂಚಿನ ಮೇಲೆ ಕೂತಿರಿ ಎಂದು ಹೇಳಿ, ಓಡುವ ಹೆಜ್ಜೆಯಲ್ಲಿ ಹೋದಳು. ಮೇಷ್ಟ್ರು ಕೂತರು. ಗೆದ್ದವರಿಗೆ ಹೀಗಾಗುತ್ತದೆಯೇ? ಎದೆ ಹಗುರಾಗಬೇಕಿತ್ತು. ಬೆಳಗಿನವರೆಗೆ ಅವರ ಭಯದ ಒಂದು ತುದಿಯನ್ನು ಮಗಳೂ ಹಿಡಿದಿದ್ದಳು. ಈಗ ಅವಳು ಕೈಬಿಟ್ಟು ನಿಶ್ಚಿಂತೆಯಿಂದ ಕೆಲಸಕ್ಕೆ ಹೋದಳು, ಇಡೀ ಭಾರ ಇವರೊಬ್ಬರ ಮೇಲೆ ಬಿತ್ತು. ಇನ್ನು ಮೇಲೆ ಏನು ತಪ್ಪಿದರೂ ಯಾರೂ ಅನುಮಾನ ಪಡುವುದಿಲ್ಲ. ಡಾಕ್ಟರೇ ಹೇಳಿದ್ದಾರಲ್ಲ. ಒಳಗಿನ ಯಾವುದೋ ತರಗತಿಯಿಂದ ಮಕ್ಕಳು ಒಟ್ಟಾಗಿ ಏನೋ ಒಪ್ಪಿಸುವುದು ಕೇಳುತ್ತಿತ್ತು, ಕೇಳುತ್ತ ಕೇಳುತ್ತ ಅವರು ತಾವು ಪಾಠಕ್ಕೆ ತಡವಾಯಿತೆಂದು ಗಾಬರಿಯಿಂದ ಎದ್ದರು, ಎದ್ದವರು ಕೈಯಲ್ಲಿ ಪುಸ್ತಕವಿಲ್ಲದ್ದನ್ನು ಕಂಡು, ಹೌದಲ್ಲ ಎಂದು ಮತ್ತೆ ಕೂತರು. ಕಾವಲಿನವನು ನೋಡಿ ಏನು ಬೇಕು ಸಾರ್ ಅಂದ. ಏನಿಲ್ಲ, ಕಾಲು ಜೋಮು ಹಿಡಿದಿತ್ತು, ಅಂದರು.

ಚೋಟು ಗೇಟಿನಿಂದ ಬಾಣದ ಹಾಗೆ ಬಂದು ಅವರ ಹೊಟ್ಟೆಗೆ ಡಿಕ್ಕಿ ಹೊಡೆದಳು. 'ಪಾಸಾ?' 'ಪಾಸು.' 'ಎಷ್ಟು?' 'ನೂರಕ್ಕೆ ನೂರು.' ಅವಳು ಕಿರಿಚಿ ಕುಣಿದಳು, ಪಕ್ಕದಲ್ಲಿ ಹೋಗುತ್ತಿದ್ದ ಗೆಳತಿಗೆ ನಮ್ಮ ತಾತ ಫಸ್ಟು ಎಂದು ಕೂಗಿ ಹೇಳಿದಳು. ನಂತರ ಅವರ ಬೆರಳಿಗೆ ತನ್ನ ಕೈ ಕೊಟ್ಟು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. 'ಇವತ್ತಿಂದ ನಾನು ದಾರಿ ಹೇಳಲ್ಲ. ನಿನಗೆ ಸರಿಹೋಯ್ತಲ್ಲ. ನೀನೇ ಕರ್ಕೊಂಡು ಹೋಗು, ನಾನು ಕಣ್ಣು ಮುಚ್ಚಿಕೊಂಡೇ ಬರ್ತೀನಿ, ಮನೆ ಬಂದ ಮೇಲೆ ಹೇಳು.' 'ಬೇಡ ಚೋಟು, ಬೀಳ್ತೀಯ' ಅಂದರು. 'ನೀನಿದ್ದೀಯಲ್ಲ' ಅಂದಳು ಅವಳು. ಆಗಲೇ ಹೇಳಿಬಿಡಬಹುದಿತ್ತು. ಆದರೆ ಆ ಮುಚ್ಚಿದ ಕಣ್ಣುಗಳ ಮುಖ ಎಷ್ಟು ಧೈರ್ಯವಾಗಿತ್ತೆಂದರೆ, ಅದರ ಎದುರು ನನಗೆ ಗೊತ್ತಿಲ್ಲ ಎನ್ನುವುದು ಡಾಕ್ಟರ ಎದುರು ಅನ್ನುವುದಕ್ಕಿಂತ ಕಷ್ಟವಾಯಿತು. ನಡೆದರು. ಮೊದಲ ತಿರುವಿನಲ್ಲಿ ಔಷಧಿ ಅಂಗಡಿ ಸಿಕ್ಕಿತು, ಅದು ಗೊತ್ತಿದ್ದದ್ದೇ, ಬಲಕ್ಕೆ ತಿರುಗಿದರು. ಇಷ್ಟೇನಾ, ಎಂದು ಒಂದು ಗಳಿಗೆ ಜೀವ ಬಂತು. ಪರೀಕ್ಷೆಯಲ್ಲಿ ಪಾಸಾದವನು ನಿಜವಾಗಿಯೂ ಪಾಸಾಗಿರಬಹುದು, ಯಾರು ಕಂಡರು. ಮುಂದೆ ನಾಲ್ಕು ದಾರಿ ಕೂಡುವಲ್ಲಿ ಅವರ ಬೆರಳು ಅಭ್ಯಾಸಬಲದಿಂದ ಜಗ್ಗುವಿಕೆಗೆ ಕಾಯಿತು. ಪುಟ್ಟ ಕೈ ಸುಮ್ಮನೆ ಬೆಚ್ಚಗೆ ಬೆರಳಿನಲ್ಲಿ ನೇತಾಡುತ್ತಿತ್ತು. ನೀಲಿ ಗೇಟಿನ ಮನೆಯೊಂದು ನೋಡಿದ ಹಾಗಿತ್ತು, ಆ ಕಡೆ ನಡೆದರು. ಆಮೇಲೆ ಇನ್ನೊಂದು ನೀಲಿ ಗೇಟು ಬಂತು. ಮನೆಗಳು ಮುಗಿದು ಗ್ಯಾರೇಜುಗಳು ಶುರುವಾದವು, ಎಣ್ಣೆ ಹಿಡಿದ ನೆಲ, ಒಂದರ ಮೇಲೊಂದು ಪೇರಿಸಿದ ಹಳೇ ಟೈರು, ಎಲ್ಲೋ ವೆಲ್ಡಿಂಗಿನ ಚಿರ್ ಎನ್ನುವ ಬೆಳಕು. ಇಷ್ಟೊಂದು ಗ್ಯಾರೇಜು ನಮ್ಮ ದಾರಿಯಲ್ಲಿ ಎಲ್ಲಿತ್ತು? ನಿಂತರೆ ಅವಳಿಗೆ ಗೊತ್ತಾಗುತ್ತದೆ. ಅವರು ನಿಲ್ಲಲಿಲ್ಲ. ಹೆಜ್ಜೆ ಜೋರು ಮಾಡಿದರು, ನಡೆದಷ್ಟೂ ಮನೆ ಹತ್ತಿರವಾಗುತ್ತದೆ ಎನ್ನುವ ಹಾಗೆ. 'ತಾತ, ನಿಧಾನ' ಎಂದು ಅವಳು ನಗುತ್ತ ಮುಗ್ಗರಿಸಿದಳು, ಆದರೂ ಕಣ್ಣು ಬಿಡಲಿಲ್ಲ.

ಶೆಡ್ಡಿನೊಳಗಿಂದ ಹಿಂದಕ್ಕೆ ಬರುತ್ತಿದ್ದ ಲಾರಿ ಅವರಿಗೆ ಕಾಣಲಿಲ್ಲ. ಯಾರೋ 'ಏಯ್, ಏಯ್, ಮಗು!' ಎಂದು ಅರಚಿದರು. ಮೇಷ್ಟ್ರು ತಿರುಗಿ ನೋಡುವಷ್ಟರಲ್ಲಿ ಚಕ್ರ ಚೋಟುವಿನ ಬ್ಯಾಗಿಗೆ ತಾಗುವ ಹಾಗೆ ಬಂದಿತ್ತು. ಅವರು ಅವಳನ್ನು ಎಳೆದ ರಭಸಕ್ಕೆ ಇಬ್ಬರೂ ಟೈರಿನ ರಾಶಿಯ ಮೇಲೆ ಬಿದ್ದರು. ಲಾರಿ ನಿಂತಿತು. ಚಾಲಕ ಇಳಿದು ಬಂದು ಬಾಯಿಗೆ ಬಂದಂತೆ ಬೈದ, ಕಣ್ಣು ಕಾಣಲ್ವೇನ್ರೀ ನಿಮಗೆ, ವಯಸ್ಸಾದವರು ನೀವು, ಮಗೂನ ಹೀಗಾ ಕರ್ಕೊಂಡು ಬರೋದು ಎಂದ. ಮೇಷ್ಟ್ರಿಗೆ ಅವನ ಮಾತು ಕೇಳಿಸುತ್ತಿತ್ತು, ಅವರು ನೋಡುತ್ತಿದ್ದದ್ದು ಚೋಟುವಿನ ಮುಖವನ್ನು. ಅವಳು ಕಣ್ಣು ಬಿಟ್ಟಿದ್ದಳು. ಸುತ್ತ ನೋಡಿದಳು, ಬಂದ ದಾರಿ ನೋಡಿದಳು, ಮುಂದಿನ ದಾರಿ ನೋಡಿದಳು. 'ತಾತ, ಇದು ಯಾವ ರೋಡು?' ಅಂದಳು. ಅವಳಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿಲ್ಲದ ಜಾಗವೊಂದು ಇರಬಹುದೆಂದು ಅವರು ಎಂದೂ ಎಣಿಸಿರಲಿಲ್ಲ. ಅವಳ ಕೆಳತುಟಿ ಅದುರಿತು. ಬೆಳಗಿನಿಂದ ತಾವು ಬಚ್ಚಿಟ್ಟುಕೊಂಡಿದ್ದ ಹೆದರಿಕೆ ಈಗ ಆ ಸಣ್ಣ ಮುಖದಲ್ಲಿ ಏಳುವುದನ್ನು ಕಂಡಾಗ ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಜೇಬಿನಿಂದ ಫೋನು ತೆಗೆದರು. ಮಗಳ ಹೆಸರು ಮೊದಲೇ ಇತ್ತು.

'ಹ್ಞಾಂ ಅಪ್ಪ, ಮನೆಗೆ ಬಂದ್ರಾ?' ಹಿಂದೆ ಗಾಜು ಉಜ್ಜುವ ಯಂತ್ರದ ಸದ್ದು.

'ಇಲ್ಲಮ್ಮ.'

'ಮತ್ತೆ ಎಲ್ಲಿದ್ದೀರಿ?'

'ಗೊತ್ತಿಲ್ಲ.'

ಯಂತ್ರದ ಸದ್ದು ನಿಂತಿತು. 'ಗೊತ್ತಿಲ್ಲ ಅಂದ್ರೆ? ಚೋಟು?'

'ಇಲ್ಲೇ ಇದ್ದಾಳೆ. ಏನೂ ಆಗಿಲ್ಲ. ಆಗ್ತಿತ್ತು, ಆಗಲಿಲ್ಲ. ನಾನು ದಾರಿ ತಪ್ಪಿದೀನಿ ಕಣಮ್ಮ. ಇವತ್ತೊಂದೇ ದಿನ ಅಲ್ಲ. ದಿನಾ ಅವಳೇ ನನ್ನ ಕರ್ಕೊಂಡು ಬರ್ತಿದ್ದಳು.'

'ಡಾಕ್ಟರು ನಿಮಗೇನೂ ಇಲ್ಲ ಅಂದ್ರಲ್ಲಪ್ಪ' ಎಂದಳು ಮಗಳು. ದನಿ ಸಣ್ಣ ಹುಡುಗಿಯದಾಗಿತ್ತು. 'ನೂರಕ್ಕೆ ನೂರು ಅಂದ್ರಲ್ಲ.'

'ಕಾಪಿ ಹೊಡೆದೆ' ಅಂದರು ಮೇಷ್ಟ್ರು.

ಅಲ್ಲಿ ಯಾರಾದ್ರೂ ಇದ್ದರೆ ಫೋನು ಕೊಡಿ ಎಂದಳು ಮಗಳು. ಬೈದ ಚಾಲಕನೇ ಕೈ ಒರೆಸಿಕೊಂಡು ಫೋನು ಇಸಿದುಕೊಂಡು ಜಾಗದ ಗುರುತು ಹೇಳಿದ. ಹೇಳುವಾಗ ಮೇಷ್ಟ್ರನ್ನು ಒಮ್ಮೆ ನೋಡಿ ದನಿ ತಗ್ಗಿಸಿದ. ಫೋನು ವಾಪಸು ಕೊಟ್ಟು, ಒಂದು ಸ್ಟೂಲು ತಂದು ಹಾಕಿ, 'ಕೂತ್ಕೊಳ್ಳಿ ಯಜಮಾನ್ರೇ, ಬರ್ತಾರಂತೆ' ಎಂದ. ಮೇಷ್ಟ್ರು ಕೂತರು, ಚೋಟುವನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಅವಳ ಮಂಡಿಯ ಹತ್ತಿರ ಚರ್ಮ ತರಚಿತ್ತು, ಊದಿದರು.

'ಹಾಗಾದ್ರೆ ನೀನು ಫೇಲಾ, ತಾತ?'

'ಹೂಂ. ಫೇಲು.'

ಅವಳು ತರಚಿದ ಮಂಡಿಯನ್ನು ನೋಡಿಕೊಂಡಳು. ಮುಖ ನಿಧಾನವಾಗಿ ತಿಳಿಯಾಯಿತು. ತುಟಿಯ ಅದುರು ನಿಂತು, ಅವರ ಬೆರಳನ್ನು ಹುಡುಕಿ ಹಿಡಿದುಕೊಂಡಳು. 'ಪರವಾಗಿಲ್ಲ ಬಿಡು' ಅಂದಳು. 'ನಾಳೆಯಿಂದ ಮತ್ತೆ ನಾನೇ ದಾರಿ ತೋರಿಸ್ತೀನಿ.'

ಅವಳು ಹೇಳಿದ ನಾಳೆ ಬರುವುದಿಲ್ಲ ಎಂದು ಅವಳಿಗೆ ಹೇಳಬೇಕಾಗಿತ್ತು. ಅಮ್ಮ ಬಂದು ಹೇಳುವುದಕ್ಕಿಂತ ಮುಂಚೆ, ತಾನೇ. ಅಜ್ಜಿಯ ಊರು, ರಾತ್ರಿಯ ಬಸ್ಸು, ಅಲ್ಲಿನ ಹೊಸ ಶಾಲೆ. ಮೇಷ್ಟ್ರು ಬಾಯಿ ತೆರೆದರು. ಒಂದು ಪದವೂ ತಪ್ಪಿಸಿಕೊಂಡಿರಲಿಲ್ಲ. ಎಲ್ಲವೂ ಬೇಕಾದ ಸಾಲಿನಲ್ಲಿ, ಒಂದರ ಹಿಂದೆ ಒಂದು, ನಾಲಿಗೆಯ ತುದಿಯವರೆಗೂ ಬಂದು ನಿಂತಿದ್ದವು.